ವೈಫೈ ಪಾಸ್‌ವರ್ಡ್ ಮರೆತರೆ ರೌಟರನ್ನು ಹೊತ್ತು ತರಬೇಡಿ

ಕಳೆದ ಆಷಾಢದ ಒಂದು ಬೆಳಗ್ಗೆ ಭಾವ ಶಿರಸಿ ಪೇಟೆಯ ನನ್ನ ಅಂಗಡಿಗೆ ಬಂದರು. ಕೊಡೆಯಿಂದ ನೀರು ಇಳಿಯುತ್ತಿತ್ತು, ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಒಂದು ಗಂಟು. ಬಿಚ್ಚಿದರೆ ರೌಟರ್. ಗೋಡೆಯಿಂದ ಅಡಾಪ್ಟರ್ ಸಮೇತ ಕಿತ್ತು, ದೇವಿಮನೆ ಘಟ್ಟದ ಕಡೆಯ ಊರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು.

"ಇದರ ಪಾಸ್‌ವರ್ಡ್ ತೆಗೆದುಕೊಡು ಮಾರಾಯ. ಸೊಸೆ ಹೊಸ ಫೋನ್ ತಂದಿದ್ದಾಳೆ, ಏನು ಒತ್ತಿದರೂ ತಪ್ಪು ಎನ್ನುತ್ತದೆ."

"ಭಾವ, ನಿಮ್ಮ ಫೋನ್ ಕೊಡಿ" ಎಂದೆ.

ಅವರ ಅಂಗಿಯ ಜೇಬಿನಲ್ಲಿದ್ದ ಆ ಫೋನು ಮೂರು ವರ್ಷಗಳಿಂದ ಅದೇ ವೈಫೈ ಹಿಡಿದು ಅಡಿಕೆ ಧಾರಣೆ ತೋರಿಸುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ವೈಫೈ, ಅದರೊಳಗೆ ಉಳಿಸಿದ ನೆಟ್‌ವರ್ಕ್‌ಗಳ ಪಟ್ಟಿ, ಅಲ್ಲಿ ಮನೆಯ ವೈಫೈ ಹೆಸರು, ಆಮೇಲೆ ಶೇರ್. ಬೆರಳಚ್ಚು ಕೇಳಿತು, ಒತ್ತಿದರು. ಕ್ಯೂಆರ್ ಕೋಡ್ ಮೂಡಿತು, ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಪಾಸ್‌ವರ್ಡ್. ಮನೆಯ ಹಸು ಗೌರಿಯ ಹೆಸರು, ಅದಕ್ಕೆ ಅಂಟಿಸಿ 2019. ಅರ್ಧ ನಿಮಿಷದ ಕೆಲಸ. ಭಾವ ನನ್ನ ಮುಖ ನೋಡಿದರು, ರೌಟರಿನ ಮುಖ ನೋಡಿದರು. "ಗೌರಿ ಎಂದು ನನಗೂ ಗೊತ್ತಿತ್ತಲ್ಲ!"

ಗೊತ್ತಿದ್ದದ್ದು ನಿಜ. ಆದರೆ ಗೌರಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಜಿ ಆದಮೇಲೆ 'ಓ, ಯು' ಹಾಕುವವರಿದ್ದಾರೆ, 'ಓ, ಡಬ್ಲ್ಯು' ಹಾಕುವವರಿದ್ದಾರೆ, 'ಎ, ಯು' ಹಾಕುವವರೂ ಇದ್ದಾರೆ. ಸೊಸೆ ಓದಿದ್ದು ಬೇರೆ ಊರಿನಲ್ಲಿ, ಅವಳ ಗೌರಿ ಬೇರೆ. ನನ್ನ ಅಂಗಡಿಗೆ ಬರುವ 'ಪಾಸ್‌ವರ್ಡ್ ಸರಿ ಇದೆ, ಆದರೂ ತಪ್ಪು ಎನ್ನುತ್ತದೆ' ಎಂಬ ದೂರುಗಳಲ್ಲಿ ಬಹಳಷ್ಟು ಇಂಥವೇ. ಅಡಿಕೆ, ಶ್ರೀ, ಲಕ್ಷ್ಮೀ, ಮಾರಿಕಾಂಬಾ, ಯಾವುದನ್ನೂ ಮನೆಮಂದಿ ಎಲ್ಲರೂ ಒಂದೇ ರೀತಿ ಬರೆಯುವುದಿಲ್ಲ.

ಮೊದಲು ದೋಷ ಯಾವುದೆಂದು ನೋಡಿ

ವೈಫೈ ಕೈಕೊಟ್ಟ ಕೂಡಲೇ ಎಲ್ಲರೂ ಪಾಸ್‌ವರ್ಡಿನ ಮೇಲೆ ಗೂಬೆ ಕೂರಿಸುತ್ತಾರೆ. ಫೋನಿನ ಪರದೆಯಲ್ಲಿ ವೈಫೈ ಹೆಸರಿನ ಕೆಳಗೆ ಬರುವ ಒಂದು ಸಾಲನ್ನು ಓದಿದರೆ ಅರ್ಧ ರೋಗ ಅಲ್ಲೇ ತಿಳಿಯುತ್ತದೆ.

'ಪಾಸ್‌ವರ್ಡ್ ತಪ್ಪಾಗಿದೆ' ಎಂದರೆ ಮಾತ್ರ ಕೀ, ಅಂದರೆ ಪಾಸ್‌ವರ್ಡ್ ಕಡೆ ನೋಡಬೇಕು. 'ಐಪಿ ವಿಳಾಸ ಪಡೆಯಲಾಗುತ್ತಿದೆ' ಎಂದು ಅಲ್ಲೇ ತಿರುಗುತ್ತಿದ್ದರೆ ಕೀ ಸರಿಯಾಗಿಯೇ ಇದೆ. ಬಾಗಿಲು ತೆರೆದು ಒಳಗೆ ಬಂದಾಗಿದೆ, ಕೂರಲು ಮಣೆ ಸಿಕ್ಕಿಲ್ಲ, ಅಷ್ಟೆ. ರೌಟರನ್ನು ಒಮ್ಮೆ ಸ್ವಿಚ್‌ನಲ್ಲಿ ಆರಿಸಿ, ಒಂದು ನಿಮಿಷ ಬಿಟ್ಟು ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. 'ಸಂಪರ್ಕವಾಗಿದೆ, ಇಂಟರ್ನೆಟ್ ಇಲ್ಲ' ಎಂದರಂತೂ ಪಾಸ್‌ವರ್ಡ್ ಪೂರ್ತಿ ನಿರಪರಾಧಿ. ಫೈಬರ್ ಪೆಟ್ಟಿಗೆಯಲ್ಲಿ 'ಎಲ್‌ಒಎಸ್' ಎಂಬ ದೀಪ ಕೆಂಪಗೆ ಮಿನುಗುತ್ತಿದೆಯೇ ನೋಡಿ. ಮಿನುಗುತ್ತಿದ್ದರೆ ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ. ನಮ್ಮ ಕಡೆ ಮಳೆಗಾಲದಲ್ಲಿ ಎಲ್ಲೋ ಒಂದು ಕೊಂಬೆ ಮುರಿದು ತಂತಿಯ ಮೇಲೆ ಬಿದ್ದಿರುತ್ತದೆ. ಪಾಸ್‌ವರ್ಡ್ ಹತ್ತು ಸಲ ಬದಲಿಸಿದರೂ ಆ ಕೊಂಬೆ ಏಳುವುದಿಲ್ಲ, ಲೈನ್‌ಮನ್‌ಗೆ ಫೋನ್ ಮಾಡಬೇಕು. ದೀಪ ಸರಿ ಇದ್ದರೆ ರೀಚಾರ್ಜ್ ಮುಗಿದಿದೆಯೇ ಎಂದು ನೋಡಿ. ಇದನ್ನು ಕೇಳಿದರೆ ಜನ ಸಿಟ್ಟಾಗುತ್ತಾರೆ, ಆದರೂ ಕೇಳುತ್ತೇನೆ.

ವೈಫೈ ಹೆಸರೇ ಪಟ್ಟಿಯಲ್ಲಿ ಕಾಣದಿದ್ದರೆ ಅದು ದೂರದ ತಕರಾರು. 5 ಗಿಗಾಹರ್ಟ್ಸ್ ಅಲೆಗಳು ವೇಗದವು, ಆದರೆ ಚಿರೇಕಲ್ಲಿನ ಗೋಡೆ ಎರಡು ದಾಟುವಷ್ಟರಲ್ಲಿ ಸುಸ್ತಾಗುತ್ತವೆ. 2.4 ಗಿಗಾಹರ್ಟ್ಸ್ ನಿಧಾನ, ಆದರೆ ಕೊಟ್ಟಿಗೆಯವರೆಗೂ ಹೋಗುತ್ತದೆ.

ಕೀ ಎಲ್ಲೆಲ್ಲಿ ಅಡಗಿರುತ್ತದೆ

ಮನೆಯಲ್ಲಿ ಇನ್ನೂ ವೈಫೈ ಹಿಡಿದಿರುವ ಸಾಧನ ಒಂದಾದರೂ ಇದ್ದರೆ ಕೀ ಕಳೆದಿಲ್ಲ. ಅದು ಆ ಸಾಧನದ ಹೊಟ್ಟೆಯಲ್ಲಿದೆ. 2019ರಲ್ಲಿ ಬಂದ ಆಂಡ್ರಾಯ್ಡ್ 10 ಮತ್ತು ಅದರ ನಂತರದ ಫೋನ್‌ಗಳಲ್ಲಿ ಭಾವನ ಫೋನಿನಲ್ಲಿ ಮಾಡಿದಂತೆಯೇ ಮಾಡಬಹುದು. ರೌಟರ್ ಹತ್ತಿರ ಇರಬೇಕೆಂದೂ ಇಲ್ಲ, ಉಳಿಸಿದ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಕೆಲವು ಕಂಪನಿಗಳ ಫೋನ್‌ಗಳಲ್ಲಿ ಕ್ಯೂಆರ್ ಮಾತ್ರ ಬರುತ್ತದೆ, ಕೆಳಗಿನ ಅಕ್ಷರಗಳು ಬರುವುದಿಲ್ಲ. ಆಗ ಹೊಸ ಫೋನಿನ ಕ್ಯಾಮೆರಾದಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ನೇರ ಸಂಪರ್ಕವಾಗುತ್ತದೆ, ಕಾಗುಣಿತದ ಜಗಳವೇ ಇಲ್ಲ.

ಐಫೋನ್‌ನಲ್ಲಿ ಐಒಎಸ್ 16ರಿಂದ ಈ ಸೌಲಭ್ಯ ಬಂದಿದೆ. ವೈಫೈ ಹೆಸರಿನ ಪಕ್ಕದ ಸಣ್ಣ 'ಐ' ಗುರುತನ್ನು ಒತ್ತಿ, ಚುಕ್ಕೆಗಳ ಮೇಲೆ ಬೆರಳಿಟ್ಟರೆ ಮುಖ ನೋಡಿ ಅಕ್ಷರ ತೋರಿಸುತ್ತದೆ.

ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಕಂಟ್ರೋಲ್ ಪ್ಯಾನೆಲ್‌ನ ನೆಟ್‌ವರ್ಕ್ ಸೆಂಟರ್‌ಗೆ ಹೋಗಿ ವೈಫೈ ಹೆಸರನ್ನು ಒತ್ತಿ. 'ವೈರ್‌ಲೆಸ್ ಪ್ರಾಪರ್ಟೀಸ್', ಅದರಲ್ಲಿ 'ಸೆಕ್ಯುರಿಟಿ', ಅಲ್ಲಿ 'ಶೋ ಕ್ಯಾರೆಕ್ಟರ್ಸ್' ಎಂಬ ಚೌಕಕ್ಕೆ ಗುರುತು ಹಾಕಿದರೆ ನೆಟ್‌ವರ್ಕ್ ಸೆಕ್ಯುರಿಟಿ ಕೀ ಬಿಚ್ಚಿಕೊಳ್ಳುತ್ತದೆ. ಮನೆಯಿಂದ ಕೆಲಸ ಮಾಡುವ ಮಕ್ಕಳ ಕಚೇರಿ ಲ್ಯಾಪ್‌ಟಾಪ್ ಇಲ್ಲಿ ಅಡ್ಮಿನ್ ಅನುಮತಿ ಕೇಳಿ ಮುಖ ತಿರುಗಿಸಬಹುದು. ಅದರೊಂದಿಗೆ ವಾದ ಬೇಡ, ಬೇರೆ ಸಾಧನ ಹುಡುಕಿ.

ರೌಟರಿನ ಬೆನ್ನಿನ ಚೀಟಿಯಲ್ಲಿ ಒಂದು ಪಾಸ್‌ವರ್ಡ್ ಮುದ್ರಿತವಾಗಿರುತ್ತದೆ. ಕಾರ್ಖಾನೆಯಿಂದ ಬಂದಾಗಿನದು ಅದು. ಯಾರಾದರೂ ನಡುವೆ ಬದಲಿಸಿದ್ದರೆ ಅದಕ್ಕೆ ಬೆಲೆಯಿಲ್ಲ. ಅದೇ ಚೀಟಿಯಲ್ಲಿ ಇನ್ನೊಂದು ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಕೂಡ ಇರಬಹುದು. ಅದು ವೈಫೈಗಲ್ಲ, ರೌಟರಿನ ಸೆಟ್ಟಿಂಗ್ಸ್ ಪುಟ ತೆರೆಯಲು. ಇವೆರಡನ್ನು ಕಲಸಿಕೊಂಡು ಗಂಟೆಗಟ್ಟಲೆ ಒದ್ದಾಡಿದವರನ್ನು ಕಂಡಿದ್ದೇನೆ.

ಕಡ್ಡಿ ತೂರಿಸುವ ಮುನ್ನ

ರೌಟರಿನ ಹಿಂದೆ ಒಂದು ಸಣ್ಣ ತೂತು ಇರುತ್ತದೆ, ಒಳಗೆ ರೀಸೆಟ್ ಗುಂಡಿ. ಗುಂಡುಸೂಜಿ ತೂರಿಸಿ ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಪಾಸ್‌ವರ್ಡ್ ಮತ್ತೆ ಚೀಟಿಯಲ್ಲಿರುವುದಕ್ಕೆ ಮರಳುತ್ತದೆ ಎಂದು ಎಲ್ಲರಿಗೂ ಗೊತ್ತು. ಅದರ ಜೊತೆಗೆ ಇನ್ನೇನು ಅಳಿಸಿಹೋಗುತ್ತದೆ ಎಂಬುದು ಕೆಲವರಿಗಷ್ಟೇ ಗೊತ್ತು. ನನಗೂ ಒಂದು ಕಾಲಕ್ಕೆ ಗೊತ್ತಿರಲಿಲ್ಲ.

ಕುಮಟಾದಲ್ಲಿ ಅಕ್ಕನ ಮನೆ. ಆಗಿನ್ನೂ ಈ ಕೆಲಸಕ್ಕೆ ನಾನು ಹೊಸಬ. ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ ಎಂದರು. ನಾನು ಜಾಣನಂತೆ ಸೂಜಿ ತೂರಿಸಿದೆ. ದೀಪಗಳು ಒಮ್ಮೆ ಆರಿ ಹತ್ತಿದವು, ಚೀಟಿಯ ಪಾಸ್‌ವರ್ಡ್ ಕೆಲಸ ಮಾಡಿತು, ಎಲ್ಲರ ಫೋನೂ ಸಂಪರ್ಕವಾಯಿತು. ಇಂಟರ್ನೆಟ್ ಮಾತ್ರ ಬರಲಿಲ್ಲ. ಸಂಪರ್ಕ ಕೊಟ್ಟವರು ರೌಟರಿನೊಳಗೆ ತುಂಬಿಸಿದ್ದ ಪಿಪಿಪಿಒಇ (ರೌಟರ್ ಅವರ ಜಾಲಕ್ಕೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್, ಅದರ ಪಾಸ್‌ವರ್ಡ್, ಆ ಜಾಲದಲ್ಲಿ ದಾರಿ ಗುರುತಿಸುವ ವಿಲ್ಯಾನ್ ಸಂಖ್ಯೆ ಎಲ್ಲವನ್ನೂ ನಾನು ತೊಳೆದು ಹಾಕಿದ್ದೆ. ಲೈನ್‌ಮನ್ ಬರುವಷ್ಟರಲ್ಲಿ ಎರಡು ದಿನ. "ಮೊದಲು ಪಾಸ್‌ವರ್ಡ್ ಒಂದೇ ಇರಲಿಲ್ಲ ತಮ್ಮಾ, ಈಗ ನೆಟ್ಟೂ ಇಲ್ಲ" ಎಂದು ಅಕ್ಕ ಊಟಕ್ಕೆ ಬಡಿಸುತ್ತಾ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

ಆದ್ದರಿಂದ ಸೂಜಿ ಕೊನೆಯ ದಾರಿ. ಒತ್ತಲೇಬೇಕಾದರೆ ಮೊದಲು ಸಂಪರ್ಕ ಕೊಟ್ಟವರಿಗೆ ಫೋನ್ ಮಾಡಿ. ಅವರು ತಮ್ಮ ಕಡೆಯಿಂದಲೇ ವೈಫೈ ಪಾಸ್‌ವರ್ಡ್ ಬದಲಿಸಿ ಕೊಡಬಲ್ಲರೇ ಎಂದು ಕೇಳಿ. ಬಹಳ ಕಡೆ ಇದು ಸಾಧ್ಯ. ಆಗದಿದ್ದರೆ ಪಿಪಿಪಿಒಇ ವಿವರ ಬರೆಸಿಕೊಂಡ ಮೇಲೆಯೇ ಸೂಜಿ ಹುಡುಕಿ. ಇನ್ನೊಂದು ಮಾತು: ಕೆಲವು ರೌಟರ್‌ಗಳಲ್ಲಿ ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಹೊಡೆಯದೆ ಗುಂಡಿ ಒತ್ತಿ ಅಥವಾ ಪಿನ್ ಹಾಕಿ ಸಾಧನ ಸೇರಿಸುವ ಸೌಲಭ್ಯ) ಮತ್ತು ರೀಸೆಟ್ ಎರಡಕ್ಕೂ ಒಂದೇ ಗುಂಡಿ. ಕ್ಷಣಕಾಲ ಒತ್ತಿದರೆ ಒಂದು ಕೆಲಸ, ಹಿಡಿದೇ ಇದ್ದರೆ ಇನ್ನೊಂದು. ಮಕ್ಕಳ ಕೈಗೆ ಸಿಗದಂತೆ ಇಡಿ.

ಭಾವನಂತೆ ಫೈಬರ್ ತಂತಿಯನ್ನು ಎಳೆದು ಕೀಳುವುದೂ ಬೇಡ. ಅದರ ತುದಿಯಲ್ಲಿರುವುದು ಕೂದಲಿನಷ್ಟು ತೆಳ್ಳಗಿನ ಗಾಜು. ಒಂದು ಧೂಳಿನ ಕಣ ಕೂತರೂ ಬೆಳಕು ಮಂಕಾಗುತ್ತದೆ.

ಬದಲಿಸುವುದು ಸುಲಭ, ಆಮೇಲಿನದು ಕಷ್ಟ

ಗೌರಿ ಸಿಕ್ಕಿದ ಎರಡು ತಿಂಗಳಿಗೆ ಭಾವನದೇ ಫೋನ್. ಅವರ ಮನೆಯೆದುರಿನ ಬಸ್ ತಂಗುದಾಣದಲ್ಲಿ ಸಂಜೆ ಐದಾರು ಹುಡುಗರು ಕೂರುತ್ತಾರಂತೆ. ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗದ ಊರಿನಲ್ಲಿ ಅವರ ಕೈಯಲ್ಲಿ ಕ್ರಿಕೆಟ್ ತಡೆಯಿಲ್ಲದೆ ಓಡುತ್ತದಂತೆ. ಗೌರಿಯನ್ನು ಊರೆಲ್ಲ ಹಾಲು ಕರೆಯುತ್ತಿದೆ ಎಂದು ಗೊತ್ತಾಯಿತು. ಚೌತಿಗೆ ಹೇಗೂ ಹೋಗುವುದಿತ್ತು, ಅಂದೇ ಬದಲಿಸೋಣ ಎಂದೆ.

ಆಸರಿಗೆ (ಬಾಯಾರಿಕೆಗೆ ಕುಡಿಯುವುದು) ಮುಗಿಸಿ ಮೊದಲು ಮಾಡಿದ್ದು ಎಣಿಕೆ. ಯಾವ್ಯಾವ ಸಾಧನ ಈ ವೈಫೈ ಹಿಡಿದಿವೆ? ಫೋನ್ ನಾಲ್ಕು, ಮನೆಯ ಮಾಣಿಯ (ಹುಡುಗನ) ಲ್ಯಾಪ್‌ಟಾಪ್, ಟಿವಿ, ಪ್ರಿಂಟರ್, ಅಡಿಕೆ ಒಣಗಿಸುವ ಅಂಗಳದ ಕಡೆ ಮುಖ ಮಾಡಿದ ಕ್ಯಾಮೆರಾ. ಈ ಪಟ್ಟಿಯಲ್ಲಿ ಒಂದು ಬಿಟ್ಟುಹೋಗಿತ್ತು. ಅದರ ಕಥೆ ಆಮೇಲೆ.

ವೈಫೈ ಹಿಡಿದಿರುವ ಫೋನಿನ ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಹಾಕಿದರೆ ರೌಟರಿನ ಪುಟ ಬರುತ್ತದೆ. ಎರಡೂ ಅಲ್ಲದಿದ್ದರೆ ಚೀಟಿಯಲ್ಲಿ ವಿಳಾಸ ಇರುತ್ತದೆ. ಒಳಗೆ 'ವೈರ್‌ಲೆಸ್' ಅಥವಾ 'ಡಬ್ಲ್ಯುಲ್ಯಾನ್' ಎಂಬ ಭಾಗ, ಅಲ್ಲಿ ಸೆಕ್ಯುರಿಟಿ. 2.4 ಮತ್ತು 5 ಗಿಗಾಹರ್ಟ್ಸ್‌ಗೆ ಬೇರೆ ಬೇರೆ ಪುಟಗಳಿದ್ದರೆ ಎರಡರಲ್ಲೂ ಬದಲಿಸಬೇಕು. ಒಂದನ್ನು ಮರೆತರೆ ಹಳೆಯ ಬಾಗಿಲು ತೆರೆದೇ ಇರುತ್ತದೆ. ಭದ್ರತೆಯ ವಿಧದಲ್ಲಿ ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಎರಡೂ ಸೇರಿದ ಆಯ್ಕೆ ಇದ್ದರೆ ಅದು ಒಳ್ಳೆಯದು. ಡಬ್ಲ್ಯುಪಿಎ3 ಬಂದದ್ದು 2018ರಲ್ಲಿ. ಅದೊಂದನ್ನೇ ಇಟ್ಟರೆ ಹಳೆಯ ಟಿವಿ, ಕ್ಯಾಮೆರಾ, ಪ್ರಿಂಟರ್‌ಗಳು ಹೊರಗೇ ನಿಲ್ಲುತ್ತವೆ. ಡಬ್ಲ್ಯುಇಪಿ ಎಂಬುದು ಪಟ್ಟಿಯಲ್ಲಿ ಕಂಡರೆ ಮುಟ್ಟಲೇಬೇಡಿ, ಅದು ಮುರುಕು ಬೀಗ. ಡಬ್ಲ್ಯುಪಿಎಸ್ ಪಿನ್ ಸೌಲಭ್ಯವನ್ನೂ ಆರಿಸಿಬಿಡಿ. ಆ ಎಂಟು ಅಂಕಿಗಳನ್ನು ಎರಡು ತುಂಡಾಗಿ ಪರೀಕ್ಷಿಸುವ ಲೋಪದಿಂದ ಸುಮಾರು 11,000 ಪ್ರಯತ್ನಗಳಲ್ಲಿ ಒಡೆಯಬಹುದೆಂದು 2011ರಲ್ಲೇ ಬಯಲಾಗಿದೆ.

ಹೊಸ ಕೀ 8ರಿಂದ 63 ಅಕ್ಷರಗಳವರೆಗೆ ಇರಬಹುದು. ನನ್ನ ಅಭಿಪ್ರಾಯ: ಉದ್ದ ಇರಲಿ, ವಕ್ರ ಬೇಡ. ಡಾಲರ್, ಹ್ಯಾಶ್, ನಕ್ಷತ್ರ ತುಂಬಿದ ಹತ್ತು ಅಕ್ಷರಕ್ಕಿಂತ ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಪದಗಳನ್ನು ಸಣ್ಣಕ್ಷರಗಳಲ್ಲಿ ಸೇರಿಸಿ, ಕೊನೆಗೆ ಎರಡು ಅಂಕಿ ಹಾಕುವುದು ಮೇಲು. ಟಿವಿ ರಿಮೋಟಿನಲ್ಲಿ ಒಂದೊಂದೇ ಅಕ್ಷರ ಆರಿಸುವಾಗ ಇದರ ಬೆಲೆ ತಿಳಿಯುತ್ತದೆ. ಸೊನ್ನೆ ಮತ್ತು 'ಓ', ಒಂದು ಮತ್ತು 'ಎಲ್' ಗೊಂದಲ ಹುಟ್ಟಿಸುವ ಕಡೆ ಬೇಡ. ಮನೆಯವರೆಲ್ಲ ಒಂದೇ ರೀತಿ ಬರೆಯುವ ಪದಗಳನ್ನೇ ಆರಿಸಿ. ಮೊಬೈಲ್ ನಂಬರನ್ನು ಕೀ ಮಾಡುವವರಿಗೆ ನಾನು ಏನನ್ನೂ ಹೇಳುವುದಿಲ್ಲ, ಬಸ್ ತಂಗುದಾಣದ ಹುಡುಗರು ಹೇಳುತ್ತಾರೆ.

'ಸೇವ್' ಒತ್ತಿದ ಕೂಡಲೇ ಪುಟ ಅಲ್ಲೇ ನಿಲ್ಲುತ್ತದೆ, ಫೋನಿನ ವೈಫೈ ಬಿದ್ದುಹೋಗುತ್ತದೆ. ಹೆದರಬೇಡಿ, ಮತ್ತೆ ಮತ್ತೆ ಒತ್ತಲೂ ಬೇಡಿ. ಕೆಲಸ ಆಗಿದೆ ಎಂಬುದಕ್ಕೆ ಅದೇ ಸಾಕ್ಷಿ. ನೀವು ಕೂತ ಕೊಂಬೆಯನ್ನೇ ಕಡಿದಿದ್ದೀರಿ, ಬೀಳದೆ ಇರುವುದು ಹೇಗೆ?

ಇನ್ನು ಒಂದೊಂದು ಸಾಧನದಲ್ಲೂ ಹಳೆಯ ನೆಟ್‌ವರ್ಕನ್ನು 'ಫರ್ಗೆಟ್' ಮಾಡಿ ಹೊಸದಾಗಿ ಸೇರಿಸಬೇಕು. ಫರ್ಗೆಟ್ ಮಾಡದಿದ್ದರೆ ಕೆಲವು ಫೋನ್‌ಗಳು ಹಳೆಯ ಕೀಯನ್ನೇ ಹಿಡಿದು ಬಾಗಿಲು ತಟ್ಟುತ್ತಾ ಕೂರುತ್ತವೆ. ಹೊಸ ಕೀ ಹೊಡೆಯುವಾಗ ಕಣ್ಣಿನ ಗುರುತು ಒತ್ತಿ ಅಕ್ಷರ ಕಾಣುವಂತೆ ಮಾಡಿಕೊಳ್ಳಿ. ಮೊದಲ ಅಕ್ಷರವನ್ನು ಕೀಬೋರ್ಡ್ ತಾನಾಗಿ ದೊಡ್ಡದು ಮಾಡಿರುತ್ತದೆ, ಅಥವಾ ವಾಟ್ಸ್‌ಆ್ಯಪ್‌ನಿಂದ ನಕಲು ಮಾಡುವಾಗ ಕೊನೆಗೆ ಒಂದು ಖಾಲಿ ಜಾಗ ಅಂಟಿಕೊಂಡಿರುತ್ತದೆ. ಖಾಲಿ ಜಾಗವೂ ಒಂದು ಅಕ್ಷರವೇ. ಮೊದಲು ಒಂದು ಫೋನ್ ಸೇರಿಸಿ, ಇಂಟರ್ನೆಟ್ ಬರುವುದನ್ನು ಖಚಿತಪಡಿಸಿಕೊಂಡು, ಉಳಿದ ಫೋನ್‌ಗಳಿಗೆ ಅದರಿಂದಲೇ ಕ್ಯೂಆರ್ ತೋರಿಸಿದರೆ ಆಯಿತು.

ಫೋನ್, ಟಿವಿ ಹತ್ತು ನಿಮಿಷದಲ್ಲಿ ಮುಗಿದವು. ಕ್ಯಾಮೆರಾ ಹಾಗಲ್ಲ. ಅದಕ್ಕೆ ಪರದೆ ಇಲ್ಲ, ಹಳೆಯ ವೈಫೈ ಹೋದ ಮೇಲೆ ಅದಕ್ಕೆ ಹೊಸದನ್ನು ಹೇಳುವವರೂ ಇಲ್ಲ. ಏಣಿ ಹತ್ತಿ ಅದರ ರೀಸೆಟ್ ಗುಂಡಿ ಒತ್ತಿ, ಆ್ಯಪಿನಲ್ಲಿ ಮೊದಲಿನಿಂದ ಸೇರಿಸಬೇಕು. ಕೆಲವು ಕ್ಯಾಮೆರಾಗಳ ಆ್ಯಪಿನಲ್ಲಿ ಹಳೆಯ ಸಂಪರ್ಕ ಇರುವಾಗಲೇ ಹೊಸ ವೈಫೈ ವಿವರ ತುಂಬಿಸಿಡಬಹುದು, ಆದ್ದರಿಂದ ಕೀ ಬದಲಿಸುವ ಮೊದಲೇ ನೋಡಿಕೊಳ್ಳಿ. ನಾನು ನೋಡಿಕೊಂಡಿರಲಿಲ್ಲ. ಚೌತಿಯ ಮಳೆಯಲ್ಲಿ ಮಾಣಿ ಏಣಿ ಹಿಡಿದ, ನಾನು ಹತ್ತಿದೆ. ಇಂಥ ಕ್ಯಾಮೆರಾಗಳು ಬಹುತೇಕ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ ಎಂಬುದೂ ನೆನಪಿರಲಿ.

ಅಡುಗೆಮನೆಯ ಒಗಟು

ಎಲ್ಲ ಮುಗಿಯಿತು ಎಂದು ಜಗುಲಿಯಲ್ಲಿ ಕೂತಿದ್ದೆ. ಒಳಗಿನಿಂದ ಅಕ್ಕ ಕೂಗಿದಳು, ಇವಳು ಭಾವನ ಹೆಂಡತಿ, ನನ್ನ ದೊಡ್ಡಕ್ಕ. ಹೊಸ ಪಾಸ್‌ವರ್ಡ್ ಅಡುಗೆಮನೆಯಲ್ಲಿ ತಪ್ಪು ಎನ್ನುತ್ತಿದೆಯಂತೆ. ಹೋಗಿ ನೋಡಿದೆ, ನಿಜ. ಅದೇ ಫೋನನ್ನು ಜಗುಲಿಗೆ ತಂದರೆ ಅದೇ ಪಾಸ್‌ವರ್ಡ್ ಸರಿ. ಮತ್ತೆ ಅಡುಗೆಮನೆಗೆ ಒಯ್ದರೆ ತಪ್ಪು. ಸೊಸೆ ತಮಾಷೆಗೆ ಹಳೆಯ ಗೌರಿಯನ್ನು ಹೊಡೆದಳು. ಸಂಪರ್ಕವಾಯಿತು! ಇಂಟರ್ನೆಟ್ ಮಾತ್ರ ಇಲ್ಲ.

ಒಂದೇ ಹೆಸರಿನ ವೈಫೈ, ಒಂದೇ ಮನೆ, ಎರಡು ಪಾಸ್‌ವರ್ಡ್. ಒಂದು ನಿಮಿಷ ನನಗೂ ತಲೆ ಕೆಟ್ಟಿತು. ಆಮೇಲೆ ಫೋನ್ ಹಿಡಿದು ಜಗುಲಿಯಿಂದ ಒಳಗೆ ನಿಧಾನವಾಗಿ ನಡೆದೆ. ನಡುಮನೆ ದಾಟುವಾಗ ಸಿಗ್ನಲ್ ಕಡ್ಡಿಗಳು ಇಳಿದವು, ಅಡುಗೆಮನೆ ಬಾಗಿಲಲ್ಲಿ ಧಡಕ್ಕನೆ ತುಂಬಿದವು. ರೌಟರ್ ಇರುವುದು ಜಗುಲಿಯಲ್ಲಿ. ಹಾಗಾದರೆ ಇಲ್ಲಿ ತುಂಬಿಸುತ್ತಿರುವವರು ಯಾರು?

ಫ್ರಿಜ್ಜಿನ ಹಿಂದೆ ಪ್ಲಗ್ಗಿಗೆ ಸಿಕ್ಕಿಸಿದ್ದ ಬಿಳಿಯ ಪುಟ್ಟ ಪೆಟ್ಟಿಗೆ, ಎಕ್ಸ್‌ಟೆಂಡರ್. ಮನೆ ಉದ್ದ, ಅಡುಗೆಮನೆಗೆ ವೈಫೈ ಬರುವುದಿಲ್ಲವೆಂದು ಯಾವಾಗಲೋ ಹಾಕಿಸಿದ್ದು, ಎಲ್ಲರೂ ಮರೆತಿದ್ದರು. ನನ್ನ ಎಣಿಕೆಯಲ್ಲಿ ತಪ್ಪಿಸಿಕೊಂಡದ್ದು ಅದೇ. ಅದು ರೌಟರಿನಿಂದ ವೈಫೈ ಹಿಡಿದು, ಅದೇ ಹೆಸರಿನಲ್ಲಿ, ತನ್ನೊಳಗೆ ಬರೆದಿಟ್ಟುಕೊಂಡ ಹಳೆಯ ಕೀ ಕೇಳುತ್ತಾ ಮುಂದೆ ಹಂಚುತ್ತದೆ. ರೌಟರಿನ ಕೀ ಬದಲಾದದ್ದು ಅದಕ್ಕೆ ತಿಳಿಯದು. ಹಿಂದಿನ ಬಾಗಿಲು ಮುಚ್ಚಿದೆ, ಮುಂದಿನ ಬಾಗಿಲಲ್ಲಿ ಗೌರಿಗಾಗಿ ಕಾಯುತ್ತಾ ನಿಂತಿದೆ. ಎಕ್ಸ್‌ಟೆಂಡರನ್ನು ಮೊದಲಿಗೆ ರೀಸೆಟ್ ಮಾಡಿ, ಹೊಸ ಕೀಯೊಂದಿಗೆ ರೌಟರಿಗೆ ಜೋಡಿಸಿದೆ. ಇದರಲ್ಲಿ ರೀಸೆಟ್‌ಗೆ ಭಯವಿಲ್ಲ, ಇಲ್ಲಿ ಪಿಪಿಪಿಒಇ ಏನೂ ಇರುವುದಿಲ್ಲ.

ಮನೆಯಲ್ಲಿ ಒಂದು ಕಡೆ ಹೊಸ ಪಾಸ್‌ವರ್ಡ್, ಇನ್ನೊಂದು ಕಡೆ ಹಳೆಯದು ನಡೆಯುತ್ತಿದ್ದರೆ ಫ್ರಿಜ್ಜಿನ ಹಿಂದೆ, ಟಿವಿ ಸ್ಟ್ಯಾಂಡಿನ ಹಿಂದೆ, ಅಟ್ಟದ ಪ್ಲಗ್ಗಿನಲ್ಲಿ ಮೊದಲು ಹುಡುಕಿ.

ರೌಟರನ್ನೇ ಬದಲಿಸುವವರಿಗೆ ಒಂದು ಉಪಾಯ

ಸಿಡಿಲಿಗೆ ರೌಟರ್ ಸುಟ್ಟು ಹೊಸದು ತಂದರೆ ಒಂದೊಂದೇ ಸಾಧನವನ್ನು ಮತ್ತೆ ಸೇರಿಸುವ ಮೇಲಿನ ಗೋಳು ಬೇಕಿಲ್ಲ. ಹೊಸದಕ್ಕೆ ಹಳೆಯ ಹೆಸರು, ಹಳೆಯ ಕೀ, ಹಳೆಯ ಭದ್ರತಾ ವಿಧವನ್ನೇ ಕೊಡಿ. ಕ್ಯಾಮೆರಾ, ಟಿವಿ, ಪ್ರಿಂಟರ್‌ಗಳಿಗೆ ಯಜಮಾನ ಬದಲಾದದ್ದೇ ಗೊತ್ತಾಗುವುದಿಲ್ಲ. ಹೆಸರಿನ ದೊಡ್ಡಕ್ಷರ ಸಣ್ಣಕ್ಷರ, ನಡುವಿನ ಖಾಲಿ ಜಾಗ ಎಲ್ಲವೂ ಯಥಾವತ್ತಾಗಿರಬೇಕು. ಡಬ್ಲ್ಯುಪಿಎ2ನಲ್ಲಿ ನೀವು ಹೊಡೆಯುವ ಪಾಸ್‌ವರ್ಡನ್ನು ವೈಫೈ ಹೆಸರಿನೊಂದಿಗೆ ಬೆರೆಸಿ 4,096 ಸುತ್ತು ಅರೆದು ನಿಜವಾದ ಕೀ ತಯಾರಾಗುತ್ತದೆ. ಹೆಸರಿನ ಒಂದಕ್ಷರ ಬದಲಾದರೂ ಹಿಟ್ಟು ಬೇರೆಯೇ.

ಯಾಣ, ಗೋಕರ್ಣದ ಕಡೆ ಹೋಂಸ್ಟೇ ನಡೆಸುವವರು, ಕೊಯ್ಲಿನ ಸಮಯದಲ್ಲಿ ಹತ್ತಾರು ಜನ ಬಂದುಹೋಗುವ ಮನೆಯವರು ರೌಟರಿನಲ್ಲಿ 'ಗೆಸ್ಟ್ ನೆಟ್‌ವರ್ಕ್', ಅಂದರೆ ಬಂದವರಿಗೆಂದೇ ಬೇರೆ ವೈಫೈ, ಹಾಕಿಕೊಳ್ಳುವುದು ಒಳ್ಳೆಯದು. ಅದರ ಕೀಯನ್ನು ತಿಂಗಳಿಗೊಮ್ಮೆ ಬದಲಿಸಬಹುದು, ಏಣಿ ಹತ್ತುವ ಕೆಲಸ ಬರುವುದಿಲ್ಲ.

ಹೊರಡುವಾಗ ಹೊಸ ಪಾಸ್‌ವರ್ಡನ್ನು ಎಲ್ಲಿ ಬರೆದಿಡುವುದೆಂಬ ಚರ್ಚೆ ನಡೆಯಿತು. ಹಳೆಯದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿದ್ದರಂತೆ, ಜನವರಿಯಲ್ಲಿ ಕ್ಯಾಲೆಂಡರ್ ಬದಲಾಯಿತು, ಗೌರಿ ಹಂಡೆಯ ಒಲೆ ಸೇರಿದಳು. ಈ ಸಲ ಅಕ್ಕ ಕಪಾಟಿನ ಬಾಗಿಲಿನ ಒಳಮೈಗೆ ಮಾರ್ಕರಿನಲ್ಲಿ ದೊಡ್ಡದಾಗಿ ಬರೆದಳು. ಸೊಸೆ ಪಕ್ಕದಲ್ಲಿ ನಿಂತು ಒಂದೊಂದೇ ಅಕ್ಷರ ಹೇಳುತ್ತಿದ್ದಳು. ಪ್ರಿಂಟರ್ ಆ ದಿನ ಸೇರಲಿಲ್ಲ, ಅದರಲ್ಲಿ ಶಾಯಿ ಒಣಗಿ ವರ್ಷವಾಗಿತ್ತು.